ಮುಳ್ಳು ಹೇಳುವ ಸುಳ್ಳು

ಹಳೆಯ ಕಾರಿನ ಪೆಟ್ರೋಲ್ ಮುಳ್ಳು ಕೆಟ್ಟಿತೆಂದ ಕೂಡಲೇ ಮೆಕ್ಯಾನಿಕ್ ಟ್ಯಾಂಕ್ ಇಳಿಸಲು ಹೊರಟರೆ, ದಯವಿಟ್ಟು ತಡೆಯಿರಿ. ಅದು ಕೊನೆಯ ಕೆಲಸ. ತೊಂದರೆ ಎಷ್ಟೋ ಸಲ ಟ್ಯಾಂಕಿನ ಹೊರಗೇ ಇರುತ್ತದೆ.

ಅಂಬಾಸಿಡರ್ ಕಾಲದ ಅನೇಕ ಕಾರುಗಳಲ್ಲಿ ಆ ಮುಳ್ಳು ಅಳೆಯುವುದು ಪೆಟ್ರೋಲನ್ನಲ್ಲ, ಬಿಸಿಯನ್ನು. ಟ್ಯಾಂಕಿನೊಳಗೆ ತೇಲುವ ಫ್ಲೋಟ್ ಏರಿಳಿದಂತೆ ಅದರ ತೋಳು ಒಂದು ಪ್ರತಿರೋಧ ತಂತಿಯ ಸುರುಳಿಯ ಮೇಲೆ ಸರಿಯುತ್ತದೆ. ಟ್ಯಾಂಕ್ ತುಂಬಿದ್ದರೆ ಪ್ರತಿರೋಧ ಕಡಿಮೆ, ಕರೆಂಟ್ ಹೆಚ್ಚು. ಆ ಕರೆಂಟ್ ಡ್ಯಾಶ್‌ಬೋರ್ಡಿನಲ್ಲಿರುವ ಪುಟ್ಟ ಹೀಟರ್ ಸುರುಳಿಯನ್ನು ಕಾಯಿಸುತ್ತದೆ. ಎರಡು ಬೇರೆ ಲೋಹಗಳನ್ನು ಬೆಸೆದ ಪಟ್ಟಿ ಬಿಸಿಗೆ ಬಾಗಿ ಮುಳ್ಳನ್ನು ತಳ್ಳುತ್ತದೆ. ಕೀಲಿ ತಿರುಗಿಸಿದಾಗ ಮುಳ್ಳು ನಿಧಾನವಾಗಿ ಏಳುವುದು ಇದಕ್ಕೇ. ಈ ಸೋಮಾರಿತನ ಉಪಕಾರವೂ ಹೌದು: ಘಾಟಿಯ ತಿರುವುಗಳಲ್ಲಿ ಪೆಟ್ರೋಲ್ ಎಷ್ಟು ತುಳುಕಿದರೂ ಮುಳ್ಳು ಕುಣಿಯುವುದಿಲ್ಲ.

ಬ್ಯಾಟರಿಯ ವೋಲ್ಟೇಜ್ ಮಾತ್ರ ಸ್ಥಿರವಲ್ಲ. ಎಂಜಿನ್ ಓಡುವಾಗ ಅದು 12ರಿಂದ 14 ವೋಲ್ಟಿನತ್ತ ಏರುತ್ತದೆ. ಮುಳ್ಳೂ ಜೊತೆಗೇ ಏರಬಾರದೆಂದು ಮೀಟರುಗಳ ಹಿಂದೆ ಒಂದು ಸ್ಟೆಬಿಲೈಸರ್ ಇಟ್ಟಿರುತ್ತಾರೆ. ಬ್ರಿಟಿಷ್ ಮೂಲದ ಕಾರುಗಳಲ್ಲಿ ಅದು ಸರಾಸರಿ 10 ವೋಲ್ಟ್ ಕೊಡುತ್ತದೆ. ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೆ ಹೆಚ್ಚು ತೋರಿಸುತ್ತಿದ್ದರೆ ಮೊದಲ ಅನುಮಾನ ಇದರ ಮೇಲೇ ಬರಬೇಕು.

ಎರಡನೆಯ ಅನುಮಾನ ಅರ್ತ್ ಮೇಲೆ, ಅಂದರೆ ಕರೆಂಟ್ ಬ್ಯಾಟರಿಗೆ ಹಿಂತಿರುಗುವ ದಾರಿಯ ಮೇಲೆ. ಕರೆಂಟ್ ಟ್ಯಾಂಕಿನಿಂದ ಕಾರಿನ ಲೋಹದ ಮೈಗೆ ದಾಟುವ ಜಾಗದಲ್ಲಿ ತುಕ್ಕು ಹಿಡಿದರೆ ಅದೇ ಇನ್ನೊಂದು ಪ್ರತಿರೋಧವಾಗುತ್ತದೆ, ತುಂಬಿದ ಟ್ಯಾಂಕ್ ಅರ್ಧ ಖಾಲಿಯಂತೆ ಕಾಣುತ್ತದೆ. ಟ್ಯಾಂಕ್ ಯೂನಿಟ್ಟಿನ (ಫ್ಲೋಟ್, ತೋಳು, ಪ್ರತಿರೋಧ ಸುರುಳಿ ಸೇರಿದ ಭಾಗ) ಲೋಹದಿಂದ ಉಜ್ಜಿ ಹೊಳಪಾಗಿಸಿದ ಚಾಸಿಗೆ, ಅಂದರೆ ಕಾರಿನ ಚೌಕಟ್ಟಿಗೆ, ಒಂದು ತಂತಿ ಎಳೆದು ನೋಡಿ. ಮುಳ್ಳು ಸರಿಹೋದರೆ ರಿಪೇರಿ ಅಲ್ಲಿಗೇ ಮುಗಿಯಿತು.

ಸರಿಹೋಗಲಿಲ್ಲವೇ? ಇಗ್ನಿಷನ್ ಆಫ್ ಮಾಡಿ, ಮೀಟರಿನಿಂದ ಯೂನಿಟ್ಟಿಗೆ ಬರುವ ತಂತಿ ಬಿಚ್ಚಿ ಕಾರಿನ ಲೋಹದ ಮೈಗೆ ಜೋಡಿಸಿ, ಆಮೇಲೆ ಆನ್ ಮಾಡಿ. ತಂತಿಯನ್ನು ಟ್ಯಾಂಕಿನ ಬಳಿ ತಾಗಿಸಿ ತಾಗಿಸಿ ನೋಡುವ ನಮ್ಮೂರಿನ ಅಭ್ಯಾಸ ಬೇಡ, ಒಂದು ಕಿಡಿ ಸಾಕು. ಮುಳ್ಳು ಫುಲ್ ಕಡೆ ಹೊರಟ ಕೂಡಲೇ ಆಫ್ ಮಾಡಿ, ಇಲ್ಲದಿದ್ದರೆ ಮೀಟರಿನ ಸುರುಳಿ ಸುಟ್ಟೀತು. ಮುಳ್ಳು ಎದ್ದಿತೆಂದರೆ ಮೀಟರೂ ತಂತಿಯೂ ಸರಿ, ದೋಷ ಟ್ಯಾಂಕಿನೊಳಗೆ.

ಯೂನಿಟ್ ಹೊರತೆಗೆದ ಮೇಲೆ ಮಲ್ಟಿಮೀಟರ್ ಹಚ್ಚಿ ತೋಳನ್ನು ನಿಧಾನವಾಗಿ ಎತ್ತಿ. ಓಮ್‌ಗಳು (ಪ್ರತಿರೋಧದ ಅಳತೆ) ಒಂದೇ ಸಮ ಇಳಿಯಬೇಕು. ನಡುವೆ ಎಲ್ಲಾದರೂ ಜಿಗಿದರೆ ಅಲ್ಲಿ ತಂತಿ ಸವೆದಿದೆ ಅಥವಾ ಕೊಳೆ ಕೂತಿದೆ. ಹಿತ್ತಾಳೆಯ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ: ಒಳಗೆ ಗುಳುಗುಳು ಎಂದರೆ ತೂತಾಗಿ ಪೆಟ್ರೋಲ್ ಕುಡಿದಿದೆ, ಇನ್ನು ತೇಲಲಾರದು. ಬೆಸುಗೆ ಹಾಕುವ ಸಾಹಸ ಬೇಡ, ಒಳಗೆ ಉಳಿದ ಆವಿ ಹೊತ್ತಿಕೊಳ್ಳುತ್ತದೆ.

ಇಂಧನವೂ ತಪ್ಪಿತಸ್ಥನಾಗಬಹುದು. 2004ರಲ್ಲಿ ಅಮೆರಿಕದ ಫ್ಲಾರಿಡಾ, ಲೂಯಿಸಿಯಾನಾಗಳಲ್ಲಿ ಗಂಧಕ ಹೆಚ್ಚಿದ್ದ ಪೆಟ್ರೋಲ್ ಹಾಕಿಸಿದ ಕಾರುಗಳ ಇಂಧನ ಮೀಟರುಗಳು ಕೆಟ್ಟವು. ಗಂಧಕ ಬೆಳ್ಳಿಯ ಸಂಪರ್ಕಗಳನ್ನು ಕಪ್ಪಾಗಿಸುತ್ತದೆ. ಮನೆಯ ಬೆಳ್ಳಿ ದೀಪ ಕಪ್ಪಾಗುವುದೂ ಅದೇ ರಸಾಯನದಿಂದ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬದಲಿ ಯೂನಿಟ್ ಹುಡುಕುವವರು ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಲಿ. ಕೆಲವು ಕಂಪನಿಗಳ ಲೆಕ್ಕ ಉಲ್ಟಾ: ಖಾಲಿ ಟ್ಯಾಂಕಿಗೆ ಸೊನ್ನೆ ಓಮ್, ತುಂಬಿದ್ದಕ್ಕೆ 90. ಅಂಥದ್ದು ಕೂರಿಸಿದರೆ ಪೆಟ್ರೋಲ್ ಖರ್ಚಾದಂತೆಲ್ಲ ಮುಳ್ಳು ಮೇಲೇರುತ್ತದೆ.