ಗೋಯಾನ ತುಟಿಗೆ ಹಿಡಿದ ಆ ಲೋಟ

ಹಾಸಿಗೆಯ ಮೇಲೆ ಒಬ್ಬ ಮುದುಕ. ತಾನಾಗಿ ಎದ್ದು ಕೂತಿಲ್ಲ, ಬೇರೊಬ್ಬರು ಎತ್ತಿ ಕೂರಿಸಿದ್ದಾರೆ. ಮುಖ ಬಿಳಿಚಿಕೊಂಡಿದೆ. ತಲೆ ಹಿಂದಕ್ಕೆ ವಾಲಿದೆ, ಕಣ್ಣು ಅರ್ಧ ಮುಚ್ಚಿದೆ. ಕೈಗಳು ಹೊದಿಕೆಯನ್ನು ಬಿಗಿಯಾಗಿ ಹಿಡಿದಿವೆ. ವೈದ್ಯನೊಬ್ಬ ಹಿಂದಿನಿಂದ ಅವನ ಭುಜ ಬಳಸಿ ಹಿಡಿದು, ಇನ್ನೊಂದು ಕೈಯಿಂದ ಲೋಟವನ್ನು ಬಾಯಿಯ ಹತ್ತಿರ ತಂದಿದ್ದಾನೆ. ಇಬ್ಬರ ಬೆನ್ನ ಹಿಂದಿನ ಕತ್ತಲಲ್ಲಿ ಒಂದಷ್ಟು ಮಸುಕು ಮುಖಗಳು.

ಮುದುಕ ಸ್ಪೇನಿನ ಚಿತ್ರಕಾರ ಫ್ರಾನ್ಸಿಸ್ಕೊ ಗೋಯಾ. ಚಿತ್ರ ಬರೆದವನೂ ಅವನೇ. ಈಗ ಇದು ಅಮೆರಿಕದ ಮಿನಿಯಾಪೊಲಿಸ್ ಕಲಾ ಸಂಗ್ರಹಾಲಯದಲ್ಲಿದೆ. ಸಾವಿನ ಹಾಸಿಗೆಯಲ್ಲಿ ಮಲಗಿದವರ ಚಿತ್ರ ಬರೆಸುವುದು ಆಗ ಯುರೋಪಿನಲ್ಲಿ ಮಾಮೂಲು. ಆದರೆ ಅಲ್ಲಿಂದ ಎದ್ದು ಬಂದು, ತನ್ನ ಚಿತ್ರವನ್ನು ತಾನೇ ಬರೆದವನು ಅಪರೂಪ. ಆ ಹೊತ್ತಿನಲ್ಲಿ ಅವನು ತನ್ನ ಮುಖವನ್ನು ನೋಡಿಕೊಂಡಿರಲು ಸಾಧ್ಯವಿಲ್ಲ, ಅಲ್ವಾ? ವಾಸಿಯಾದ ಮೇಲೆ ನೆನಪಿನಿಂದ, ಊಹೆಯಿಂದ ಕಟ್ಟಿದ ಮುಖ ಅದು.

ಚಿತ್ರದ ಕೆಳಗೆ ಅವನು ನಾಲ್ಕು ಮಾತು ಬರೆದಿದ್ದಾನೆ. 1819ರ ಕೊನೆಯಲ್ಲಿ, 73ನೇ ವಯಸ್ಸಿನಲ್ಲಿ, ತೀವ್ರವಾದ ಅಪಾಯಕಾರಿ ಕಾಯಿಲೆಯಿಂದ ತನ್ನ ಜೀವ ಉಳಿಸಿದ ಗೆಳೆಯ ಅರಿಯೇತಾನಿಗೆ ಕೃತಜ್ಞತೆಯಿಂದ, 1820ರಲ್ಲಿ ಬರೆದದ್ದು ಎಂದು. ಸ್ಪೇನಿನ ಚರ್ಚುಗಳಲ್ಲಿ ಕಾಯಿಲೆ ವಾಸಿಯಾದವರು ಹರಕೆ ತೀರಿಸಲು ಇಂಥ ಚಿತ್ರಗಳನ್ನು ಒಪ್ಪಿಸುತ್ತಿದ್ದರು. ಮೇಲೆ ಕಾಪಾಡಿದ ಸಂತ, ಕೆಳಗೆ ಕಾಯಿಲೆಯ ವಿವರ. ಗೋಯಾ ಸಂತನ ಜಾಗದಲ್ಲಿ ವೈದ್ಯ ಅರಿಯೇತಾನನ್ನು ಕೂರಿಸಿದ.

ಆ ವೈದ್ಯನ ಕೈಯಲ್ಲಿ ಆಗ ಏನಿತ್ತು ಅಂತ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ಸ್ಟೆತೊಸ್ಕೋಪಿನ ಬಗ್ಗೆ ಫ್ರಾನ್ಸಿನ ವೈದ್ಯ ಲೆನೆಕ್ ಪುಸ್ತಕ ಪ್ರಕಟಿಸಿದ್ದೇ 1819ರಲ್ಲಿ. ಜ್ವರ ನೋಡುವ ಸಣ್ಣ ಥರ್ಮಾಮೀಟರ್ ಬರಲು ಇನ್ನೂ ಸುಮಾರು 50 ವರ್ಷ ಇತ್ತು. ಸಿಂಕೋನಾ ಮರದ ತೊಗಟೆಯಿಂದ ಮಲೇರಿಯಾ ಔಷಧಿ ಕ್ವಿನೈನನ್ನು ಬೇರ್ಪಡಿಸಿದ್ದು 1820ರಲ್ಲಿ, ಈ ಚಿತ್ರ ಬರೆದ ವರ್ಷ. ರೋಗಾಣುಗಳಿಂದ ಕಾಯಿಲೆ ಬರುತ್ತದೆ ಎಂಬುದು ಯಾರಿಗೂ ಖಚಿತವಾಗಿರಲಿಲ್ಲ. ಅಫೀಮು, ತೊಗಟೆಯ ಪುಡಿ, ರಕ್ತ ತೆಗೆಯುವುದು, ಇಷ್ಟೇ ದೊಡ್ಡ ಅಸ್ತ್ರಗಳು.

ಹಾಗಿದ್ದೂ ಅರಿಯೇತಾ ಮಾಡುತ್ತಿರುವುದು ಇವತ್ತಿಗೂ ಸರಿಯಾದ ಕೆಲಸ. ಅಂಗಾತ ಮಲಗಿದಾಗ ಹೊಟ್ಟೆಯೊಳಗಿನ ಅಂಗಗಳು ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯನ್ನು, ಮೇಲಕ್ಕೆ ಒತ್ತುತ್ತವೆ, ಶ್ವಾಸಕೋಶಕ್ಕೆ ಹಿಗ್ಗಲು ಜಾಗ ಕಡಿಮೆಯಾಗುತ್ತದೆ. ಎತ್ತಿ ಕೂರಿಸಿದರೆ ಉಸಿರು ಸಲೀಸು. ನಿತ್ರಾಣಗೊಂಡವರಿಗೆ ಮಲಗಿಸಿಯೇ ನೀರು ಕುಡಿಸಿದರೆ ಅದು ಶ್ವಾಸನಾಳಕ್ಕೆ ಇಳಿಯುವ ಅಪಾಯ ಜಾಸ್ತಿ. ಜ್ವರದಲ್ಲಿ ಒಣಗಿದ ದೇಹಕ್ಕೆ ಗುಟುಕು ಗುಟುಕಾಗಿ ನೀರು ಸೇರಬೇಕು. ಲೋಟದಲ್ಲಿ ಔಷಧಿ ಇದ್ದರೂ ಸರಿ, ಸುಮ್ನೆ ನೀರಿದ್ದರೂ ಸರಿ, ಅದನ್ನು ಕುಡಿಸುವ ರೀತಿಯಲ್ಲೇ ಅರ್ಧ ಚಿಕಿತ್ಸೆ ಇದೆ.

ಹೊದಿಕೆ ಹಿಡಿದ ಕೈಗಳನ್ನು ಇನ್ನೊಮ್ಮೆ ನೋಡಿ. ರೋಗಿ ಹೊದಿಕೆಯ ಎಳೆ ಕೀಳತೊಡಗಿದರೆ ಅದು ಕೆಟ್ಟ ಲಕ್ಷಣ ಎಂದು ಗ್ರೀಕ್ ವೈದ್ಯ ಹಿಪೊಕ್ರಟಿಸನ ಕಾಲದಿಂದಲೂ ವೈದ್ಯರು ಹೇಳಿಕೊಂಡು ಬಂದಿದ್ದಾರೆ. ತೀವ್ರ ಜ್ವರ ಸನ್ನಿಗೆ ತಿರುಗಿದಾಗ ಹೀಗಾಗುತ್ತದೆ. ಗೋಯಾನ ಬೆರಳುಗಳು ಎಳೆ ಕೀಳುತ್ತಿಲ್ಲ, ಬಿದ್ದುಹೋಗುವವನ ಹಾಗೆ ಬಟ್ಟೆಯನ್ನು ಅವುಚಿವೆ. ನನಗೆ ಈ ಚಿತ್ರದಲ್ಲಿ ಅತಿ ನಿಜ ಅನಿಸುವುದು ಅದೇ.

1897ರಲ್ಲಿ 15 ವರ್ಷದ ಪಿಕಾಸೊ ಬಾರ್ಸಿಲೋನಾದಲ್ಲಿ ‘ವಿಜ್ಞಾನ ಮತ್ತು ಕರುಣೆ’ ಎಂಬ ದೊಡ್ಡ ಚಿತ್ರ ಬರೆದ. ಅಲ್ಲೂ ಹಾಸಿಗೆ ಹಿಡಿದ ರೋಗಿ. ವೈದ್ಯ ಗಡಿಯಾರ ನೋಡುತ್ತಾ ನಾಡಿ ಎಣಿಸುತ್ತಿದ್ದಾನೆ. ಅವನಿಗೆ ರೂಪದರ್ಶಿಯಾಗಿ ಕೂತವನು ಪಿಕಾಸೊನ ಅಪ್ಪ. ಕುಡಿಯಲು ಬಟ್ಟಲು ಚಾಚುತ್ತಿರುವವಳು ಮಾತ್ರ ಇನ್ನೊಂದು ಬದಿಯಲ್ಲಿ ನಿಂತ ಸನ್ಯಾಸಿನಿ. ಎಣಿಸುವವರು ಒಬ್ಬರು, ಕುಡಿಸುವವರು ಇನ್ನೊಬ್ಬರು. ಗೋಯಾನ ಚಿತ್ರದಲ್ಲಿ ಲೋಟ ವೈದ್ಯನ ಕೈಯಲ್ಲೇ ಇದೆ. ಪಿಕಾಸೊನ ಚಿತ್ರಕ್ಕಿಂತ ಇದು ನನ್ನನ್ನು ಹೆಚ್ಚು ತಟ್ಟಲು ಕಾರಣ ಇದೇ.

ಇನ್ನೊಂದು ವಿಷಯ ಚಿತ್ರದಲ್ಲಿ ಕಾಣುವುದಿಲ್ಲ. ಗೋಯಾನಿಗೆ ಕಿವಿ ಕೇಳುತ್ತಿರಲಿಲ್ಲ. 1792–93ರಲ್ಲಿ ಬಂದ ಮೊದಲ ದೊಡ್ಡ ಕಾಯಿಲೆಯಲ್ಲಿ ತಲೆಸುತ್ತು, ತಲೆಯೊಳಗೆ ಸದ್ದು, ಕಣ್ಣಿನ ತೊಂದರೆ ಎಲ್ಲ ಬಂದವು. ಅವು ಕ್ರಮೇಣ ಕಡಿಮೆಯಾದರೂ ಹೋದ ಕಿವಿ ಮರಳಲಿಲ್ಲ. ಸೀಸದಿಂದ ಮಾಡಿದ ಬಿಳಿ ಬಣ್ಣವನ್ನು ಬಳಸಿ ಬಳಸಿ ವಿಷವೇರಿತು ಎಂದು ಕೆಲವರ ವಾದ. ಆದರೆ ಆಮೇಲೂ ಅವನು ಚಿತ್ರ ಬರೆಯುತ್ತಲೇ ಇದ್ದ, ಸೀಸವೇ ಕಾರಣವಾಗಿದ್ದರೆ ಇಷ್ಟು ಚೇತರಿಸಿಕೊಳ್ಳುವುದು ಕಷ್ಟ. ಸಿಫಿಲಿಸ್ ಎಂದವರೂ ಇದ್ದಾರೆ. 2017ರಲ್ಲಿ ಅಮೆರಿಕದ ಕಿವಿತಜ್ಞೆ ರೊನ್ನಾ ಹರ್ಟ್ಜಾನೊ ಸೂಸಾಕ್ ಸಿಂಡ್ರೋಮ್ ಇರಬಹುದು ಎಂದರು. ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು, ಕಣ್ಣಿನ ರೆಟಿನಾ, ಒಳಕಿವಿ, ಈ ಮೂರರ ಸಣ್ಣ ರಕ್ತನಾಳಗಳ ಮೇಲೆ ದಾಳಿ ಮಾಡುವ ಅಪರೂಪದ ಕಾಯಿಲೆ ಅದು. ಲಕ್ಷಣಗಳು ಚೆನ್ನಾಗಿ ಹೊಂದುತ್ತವೆ. ಪರೀಕ್ಷಿಸಿ ನೋಡೋಣವೆಂದರೆ, ಒಳಕಿವಿ ಇರುವುದು ತಲೆಬುರುಡೆಯ ಮೂಳೆಯೊಳಗೆ. ಫ್ರಾನ್ಸಿನ ಬೋರ್ಡೊ ನಗರದಲ್ಲಿದ್ದ ಅವನ ಗೋರಿಯನ್ನು 1888ರಲ್ಲಿ ತೆರೆದಾಗ ಆ ಬುರುಡೆಯೇ ಸಿಗಲಿಲ್ಲ.

1819ರ ಕಾಯಿಲೆಯ ನಂತರ ಗೋಯಾ ಎಂಟು ವರ್ಷ ಬದುಕಿದ. ಮನೆಯ ಗೋಡೆಗಳ ಮೇಲಿನ ಕಪ್ಪು ಚಿತ್ರಗಳು, ಗೂಳಿ ಕಾಳಗದ ಕಲ್ಲಚ್ಚುಗಳು ಬಂದದ್ದು ಆ ವರ್ಷಗಳಲ್ಲಿ. 1828ರ ಏಪ್ರಿಲ್ 16ರಂದು, 82ನೇ ವಯಸ್ಸಿನಲ್ಲಿ, ಬೋರ್ಡೊದಲ್ಲಿ ತೀರಿಕೊಂಡ.

ಈಗ ಆ ಹಾಸಿಗೆಯ ಹತ್ತಿರ ಮತ್ತೆ ಹೋಗಿ. ಕಿವಿ ಕೇಳದವನು, ಕಣ್ಣೂ ಮುಚ್ಚುತ್ತಿದೆ. ‘ಒಂದು ಗುಟುಕು ಕುಡಿ’ ಎಂದು ಅರಿಯೇತಾ ಎಷ್ಟು ಸಲ ಹೇಳಿದರೂ ಮಾತು ತಲುಪುವುದಿಲ್ಲ. ತುಟಿಯ ಚಲನೆ ನೋಡಿ ತಿಳಿದುಕೊಳ್ಳುವ ಸ್ಥಿತಿಯಲ್ಲೂ ಅವನಿಲ್ಲ. ಆ ಹೊತ್ತಿಗೆ ಗೋಯಾನಿಗೆ ತಿಳಿಯುತ್ತಿದ್ದದ್ದು ಭುಜದ ಮೇಲಿನ ಆ ಕೈ, ತುಟಿಗೆ ತಾಗಿದ ಲೋಟದ ಅಂಚು.