ಮುಕ್ಕಳಿಸಿ ಉಗುಳಿದ್ರೆ ವೈರಸ್ ಸಿಗತ್ತೆ, ಸಿಕ್ಕಿದ್ಮೇಲೆ ಏನ್ಮಾಡೋದು?

30 ಸೆಕೆಂಡ್ ಮೌತ್‌ವಾಶ್ ಹಾಕ್ಕೊಂಡು ಗಂಟಲವರೆಗೂ ಗಳಗಳ ಅಂತ ಮುಕ್ಕಳಿಸಿ ಒಂದು ಡಬ್ಬಿಗೆ ಉಗುಳೋದು, ಲ್ಯಾಬ್‌ನೋರು ಅದ್ರಲ್ಲಿ ಎಚ್‌ಪಿವಿ (ಲೈಂಗಿಕ ಸಂಪರ್ಕದಿಂದ ಹರಡೋ, ಗಂಟಲು ಕ್ಯಾನ್ಸರ್ ತರಬಲ್ಲ ವೈರಸ್) ಡಿಎನ್‌ಎ ಇದ್ಯಾ ಅಂತ ನೋಡೋದು, ಅಷ್ಟೇ ಟೆಸ್ಟು. ಸೂಜಿ ಇಲ್ಲ, ನೋವಿಲ್ಲ. ಹಾಗಿದ್ಮೇಲೆ ಆರೋಗ್ಯವಾಗಿರೋ ಹುಡುಗೀರಿಗೆಲ್ಲ ಮಾಡ್ಸಿಬಿಡಬಾರ್ದಾ ಅಂತ ನಂಗೂ ಅನ್ಸಿತ್ತು.

ಈ ಆಸೆ ಬಂದಿದ್ದು ಗರ್ಭಕಂಠದ ಕ್ಯಾನ್ಸರ್ ಕಡೆಯಿಂದ. ಅಲ್ಲಿ ಪ್ಯಾಪ್ ಟೆಸ್ಟ್ (ಗರ್ಭಕಂಠದಿಂದ ಜೀವಕೋಶ ಉಜ್ಜಿ ತೆಗೆದು ಕೆಟ್ಟಿವೆಯಾ ಅಂತ ನೋಡೋದು) 1940ರ ದಶಕದಿಂದ ಬಳಕೆಗೆ ಬಂದಿತ್ತು, ಪಾಪ, ವೈರಸ್ ಯಾವ್ದು ಅಂತ ಯಾರಿಗೂ ಗೊತ್ತಿರ್ಲಿಲ್ಲ. 1983ರಲ್ಲಿ ಜರ್ಮನಿಯ ಹರಾಲ್ಡ್ ತ್ಸುರ್ ಹೌಸೆನ್ ತಂಡ ಆ ಕ್ಯಾನ್ಸರ್ ಗಡ್ಡೆಯಲ್ಲಿ ಎಚ್‌ಪಿವಿ 16 (ಎಚ್‌ಪಿವಿಯಲ್ಲಿ ಹಲವು ಬಗೆ, ಒಂದೊಂದಕ್ಕೂ ಒಂದು ನಂಬರ್) ಹಿಡೀತು (2008ರಲ್ಲಿ ಅವ್ರಿಗೆ ನೊಬೆಲ್ ಬಂತು), ಅದೇ ವರ್ಷ ಫಿನ್ಲೆಂಡ್‌ನೋರು ಬಾಯಿ ಕ್ಯಾನ್ಸರ್‌ಗೂ ಎಚ್‌ಪಿವಿಗೂ ಸಂಬಂಧ ಇರ್ಬಹುದು ಅಂದ್ರು. ಜಾಸ್ತಿ ಜನ ಕಿವಿಗೆ ಹಾಕ್ಕೊಳ್ಳಲಿಲ್ಲ, ಗಂಟಲು ಕ್ಯಾನ್ಸರ್ ಅಂದ್ರೆ ತಂಬಾಕು, ಮದ್ಯ ಅಂತಲೇ ಲೆಕ್ಕ. 2000ದಲ್ಲಿ ಅಮೆರಿಕದ ಮೌರಾ ಗಿಲಿಸನ್ ತಂಡ ತಲೆ, ಕುತ್ತಿಗೆ ಭಾಗದ 253 ಕ್ಯಾನ್ಸರ್ ಪರೀಕ್ಷೆ ಮಾಡಿದಾಗ ಕಾಲು ಭಾಗದಲ್ಲಿ ಎಚ್‌ಪಿವಿ ಸಿಕ್ತು, ಅದೂ ಮುಖ್ಯವಾಗಿ ಟಾನ್ಸಿಲ್, ನಾಲಿಗೆ ಬುಡದ ಕಡೆ. 2007ರಲ್ಲಿ ಓರಲ್ ಸೆಕ್ಸ್ ಸಂಗಾತಿಗಳ ಸಂಖ್ಯೆ ಜಾಸ್ತಿ ಆದಷ್ಟೂ ಅಪಾಯ ಜಾಸ್ತಿ ಅಂತ ಇನ್ನೊಂದು ಅಧ್ಯಯನ ಬಂತು ನೋಡಿ, ಅಲ್ಲಿಂದ ಭಯ ಶುರು, ಕೆಲವು ಕಡೆ ದಂತವೈದ್ಯರ ಹತ್ರಾನೇ ಮುಕ್ಕಳಿಸೋ ಟೆಸ್ಟ್ ಸಿಗೋಕೂ ಶುರುವಾಯ್ತು.

ಹಾಗಾದ್ರೆ ಎಷ್ಟು ಜನರ ಬಾಯಲ್ಲಿದೆ? ಅಮೆರಿಕದಲ್ಲಿ 2009-10ರಲ್ಲಿ 14ರಿಂದ 69 ವಯಸ್ಸಿನ ಸುಮಾರು 5,500 ಜನರಿಂದ ಹೀಗೇ ಮುಕ್ಕಳಿಸಿ ತಗೊಂಡ್ರು. ಯಾವುದಾದ್ರೂ ಒಂದು ಎಚ್‌ಪಿವಿ ಇದ್ದಿದ್ದು ಶೇ 6.9 ಜನರಲ್ಲಿ, ಗಂಡಸರಲ್ಲಿ ಶೇ 10.1, ಹೆಂಗಸರಲ್ಲಿ ಶೇ 3.6. ನಿಜಕ್ಕೂ ಹೆದರ್ಬೇಕಾದ 16ನೇ ನಂಬರಿಂದು ಒಟ್ಟಾರೆ ಶೇ 1 ಮಾತ್ರ. ಅದ್ರಲ್ಲೂ ಬಹಳಷ್ಟನ್ನ ಒಂದೆರಡು ವರ್ಷದೊಳಗೆ ದೇಹವೇ ಓಡಿಸಿಬಿಡತ್ತೆ. ಅಂದ್ರೆ ಇಪ್ಪತ್ತರ ಹುಡುಗಿಗೆ ಪಾಸಿಟಿವ್ ಬಂದ್ರೂ ಅವ್ಳಿಗೆ ಮುಂದೆ ಕ್ಯಾನ್ಸರ್ ಬರತ್ತಾ ಅಂತ ಆ ರಿಪೋರ್ಟ್ ಹೇಳೋದೇ ಇಲ್ಲ, ಸುಮ್ನೆ ನಿದ್ದೆ ಕೆಡಿಸತ್ತೆ, ಮನೇಲಿ ಯಾರಿಂದ ಬಂತು ಅನ್ನೋ ಜಗಳ ಬೇರೆ.

ನನ್ನ ಪ್ರಕಾರ ಅಸಲಿ ತೊಡಕು ಇರೋದು ಮುಂದಿನ ಹೆಜ್ಜೇಲಿ. ಗರ್ಭಕಂಠದಲ್ಲಿ ಪಾಸಿಟಿವ್ ಬಂದ್ರೆ ಡಾಕ್ಟ್ರು ಕಾಲ್ಪೋಸ್ಕೋಪ್ (ಗರ್ಭಕಂಠವನ್ನ ದೊಡ್ಡದಾಗಿ ತೋರಿಸೋ ಉಪಕರಣ) ಇಟ್ಟು ನೋಡ್ತಾರೆ, ಕ್ಯಾನ್ಸರ್ ಆಗೋಕೆ ವರ್ಷಗಟ್ಟಲೆ ಮೊದಲೇ ಕೆಟ್ಟಿರೋ ಜಾಗ ಕಾಣತ್ತೆ, ಅಷ್ಟನ್ನ ತೆಗೆದುಬಿಡ್ತಾರೆ. ಗಂಟಲಲ್ಲಿ ಹಾಗಲ್ಲ. ಟಾನ್ಸಿಲ್ ಮೇಲೆ ಆಳವಾದ ಗುಳಿಗಳಿರ್ತವೆ, ವೈರಸ್ ಕೂತ್ಕೊಳ್ಳೋದು ಅದ್ರ ತಳದಲ್ಲಿ, ಕ್ಯಾನ್ಸರ್‌ಗೆ ಮುಂಚಿನ ಹಂತ ಅಂತ ಕಣ್ಣಿಗೆ ಕಾಣೋದೇನೂ ಇಲ್ಲ. 2011ರಲ್ಲಿ ಟಾನ್ಸಿಲ್ಲನ್ನ ಬ್ರಶ್‌ನಿಂದ ಉಜ್ಜಿ ಪ್ಯಾಪ್ ಥರ ಮಾಡಕ್ಕಾಗತ್ತಾ ಅಂತಾನೂ ನೋಡಿದ್ರು, ಕಣ್ಣಿಗೆ ಕಾಣೋ ಗಾಯ ಇಲ್ದಿದ್ದವರಲ್ಲಿ ವೈರಸ್ಸಿಗೂ ಜೀವಕೋಶದ ಬದಲಾವಣೆಗೂ ತಾಳೆನೇ ಆಗ್ಲಿಲ್ಲ. ಪಾಸಿಟಿವ್ ಬಂದವ್ಳಿಗೆ ತೆಗೆಯೋಕೆ ಏನಿದೆ? ಕೊಡೋಕೆ ಮಾತ್ರೆನೂ ಇಲ್ಲ. (ಕುತ್ತಿಗೇಲಿ ಗಂಟು, ವಾರಗಟ್ಟಲೆ ಹೋಗದ ಗಂಟಲು ನೋವು ಇದ್ರೆ ಬೇರೆ ಮಾತು, ಅದು ಸ್ಕ್ರೀನಿಂಗ್ (ಲಕ್ಷಣ ಇಲ್ದೋರನ್ನ ಪರೀಕ್ಷೆ ಮಾಡೋದು) ಅಲ್ಲ, ಡಾಕ್ಟರ ಹತ್ರ ಹೋಗ್ಲೇಬೇಕು.)

ತಮಾಷೆ ಅಂದ್ರೆ ಅದೇ ಮುಕ್ಕಳಿಸೋ ಟೆಸ್ಟು ಬೇರೆ ಕಡೆ ಭರ್ಜರಿ ಕೆಲ್ಸ ಮಾಡ್ತು. ಕೋಸ್ಟರಿಕಾದಲ್ಲಿ 18ರಿಂದ 25 ವಯಸ್ಸಲ್ಲಿ ಲಸಿಕೆ ಟ್ರಯಲ್‌ಗೆ ಸೇರಿದ್ದ ಹೆಣ್ಮಕ್ಕಳಲ್ಲಿ 5,840 ಜನರ ಬಾಯಿ ಸ್ಯಾಂಪಲ್ ನಾಲ್ಕು ವರ್ಷ ಆದ್ಮೇಲೆ ನೋಡಿದ್ರು. ಎಚ್‌ಪಿವಿ 16 ಅಥವಾ 18 ಸಿಕ್ಕಿದ್ದು ಎಚ್‌ಪಿವಿ ಲಸಿಕೆ ತಗೊಳ್ದಿದ್ದ ಗುಂಪಲ್ಲಿ 15 ಜನರಿಗೆ, ತಗೊಂಡಿದ್ದವ್ರಲ್ಲಿ ಒಬ್ರಿಗೆ. 2013ರಲ್ಲಿ ಪ್ರಕಟವಾದ ಈ ಲೆಕ್ಕ ಸೋಂಕಿಂದು, ಕ್ಯಾನ್ಸರ್‌ದಲ್ಲ, ಆ ಕ್ಯಾನ್ಸರ್ ಬರೋಕೆ ದಶಕಗಳೇ ಬೇಕು. ಆದ್ರೂ 2020ರ ಜೂನ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಗಾರ್ಡಸಿಲ್ 9 ಅನ್ನೋ ಎಚ್‌ಪಿವಿ ಲಸಿಕೆ ಏನೇನು ತಡೆಯೋಕೆ ಅನ್ನೋ ಪಟ್ಟಿಗೆ ಗಂಟಲು ಕ್ಯಾನ್ಸರನ್ನೂ ಸೇರಿಸ್ತು. ಮುಕ್ಕಳಿಸೋ ಟೆಸ್ಟಿಗೆ ಅಂಥ ಒಪ್ಪಿಗೆ ಸಿಕ್ಕಿಲ್ಲ.