ಕೆಂಪು ಬಾಗಿಲ ಹಿಂದಿನ ಭಯ

ಟ್ರೇ ಎಡ್ವರ್ಡ್ ಶುಲ್ಟ್ಸ್ ನಿರ್ದೇಶಿಸಿದ, 2017ರಲ್ಲಿ ತೆರೆಕಂಡ ‘ಇಟ್ ಕಮ್ಸ್ ಅಟ್ ನೈಟ್’ ಚಿತ್ರದಲ್ಲಿ ಮನುಷ್ಯರನ್ನು ಕೊಲ್ಲುವ ರೋಗಕ್ಕೆ ಹೆಸರೇ ಇಲ್ಲ. ಸೋಂಕು ತಗುಲಿದ ಅಜ್ಜನನ್ನು ಮನೆಯವರೇ ಕೊಂದು ಸುಡುವುದರಿಂದ ಕಥೆ ಆರಂಭವಾಗುತ್ತದೆ. ಕಾಡಿನ ನಡುವಿನ ಆ ಮನೆಯಲ್ಲಿ ಉಳಿದವರು ಪಾಲ್, ಸಾರಾ ಮತ್ತು ಮಗ ಟ್ರಾವಿಸ್; ಹೊರಹೋಗಲು ಇರುವುದು ಒಂದು ಕೆಂಪು ಬಾಗಿಲು ಮಾತ್ರ. ಒಂದು ರಾತ್ರಿ ಒಳನುಗ್ಗಲು ಯತ್ನಿಸಿದ ವಿಲ್ ಎಂಬಾತನನ್ನು ಪಾಲ್ ಮರಕ್ಕೆ ಕಟ್ಟಿಹಾಕಿ, ರೋಗದ ಲಕ್ಷಣ ಕಾಣುತ್ತದೆಯೇ ಎಂದು ಕಾಯುತ್ತಾನೆ. ಆ ಬಳಿಕವೇ ವಿಲ್‌ನ ಹೆಂಡತಿಗೂ ಪುಟ್ಟ ಮಗನಿಗೂ ಮನೆಯಲ್ಲಿ ಆಶ್ರಯ ಸಿಗುತ್ತದೆ.

ಹೀಗೆ ಕಾಯುವುದು ಕ್ರೂರವಾಗಿ ಕಂಡರೂ ಅದರ ಹಿಂದೆ ನಿಜವಾದ ವಿಜ್ಞಾನವಿದೆ. ರೋಗಾಣು ದೇಹವನ್ನು ಹೊಕ್ಕ ಗಳಿಗೆಗೂ ಮೊದಲ ಲಕ್ಷಣ ಕಾಣುವ ಗಳಿಗೆಗೂ ನಡುವಿನ ಕಾಲವನ್ನು ವೈದ್ಯರು ಇನ್‌ಕ್ಯುಬೇಷನ್ ಅವಧಿ ಎನ್ನುತ್ತಾರೆ. ಎಬೋಲಾದಲ್ಲಿ ಇದು 2ರಿಂದ 21 ದಿನ. ಆದರೆ ಲಕ್ಷಣಗಳು ಕಾಣಿಸಿಕೊಳ್ಳುವ ತನಕ ಸೋಂಕಿತರು ಅದನ್ನು ಇತರರಿಗೆ ಹರಡುವುದಿಲ್ಲವಾದ್ದರಿಂದ, ಸಂಪರ್ಕಕ್ಕೆ ಬಂದವರ ಮೇಲೆ 21 ದಿನ ಕಣ್ಣಿಟ್ಟರೆ ಸರಪಳಿಯನ್ನು ತುಂಡರಿಸಬಹುದು. 2003ರಲ್ಲಿ ಹಬ್ಬಿದ ಉಸಿರಾಟದ ಕಾಯಿಲೆ ಸಾರ್ಸ್ ಕೂಡ ಮುಖ್ಯವಾಗಿ ಕಾಯಿಲೆ ಬಿದ್ದ ಮೇಲೆಯೇ ಹರಡುತ್ತಿದ್ದುದರಿಂದ, ರೋಗಿಗಳನ್ನು ಪ್ರತ್ಯೇಕಿಸಿ ಅದನ್ನು ನಿಲ್ಲಿಸಲು ಸಾಧ್ಯವಾಯಿತು. ಕೋವಿಡ್ ಹಾಗಿರಲಿಲ್ಲ. ಜ್ವರ ಬರುವ ಒಂದೆರಡು ದಿನ ಮೊದಲೇ ಅದು ಹರಡಬಲ್ಲದಾಗಿತ್ತು. ಹಣೆಗೆ ಹಿಡಿದ ಥರ್ಮಾಮೀಟರ್ ಅಂಥವರನ್ನು ಗುರುತಿಸಲಾರದೆ ಹೋಯಿತು. ನನ್ನ ದೃಷ್ಟಿಯಲ್ಲಿ ಈ ಚಿತ್ರದ ನಿಜವಾದ ಭೂತ ಆ ಕಾಣದ ದಿನಗಳೇ.

1377ರಲ್ಲಿ ರಗೂಸಾ, ಅಂದರೆ ಇಂದಿನ ಕ್ರೊಯೇಷಿಯಾದ ದುಬ್ರೋವ್ನಿಕ್ ನಗರ, ಪ್ಲೇಗ್ ಪೀಡಿತ ಊರುಗಳಿಂದ ಬಂದವರನ್ನು 30 ದಿನ ದೂರವಿರಿಸಿತು. ಮುಂದೆ ಅದು 40 ದಿನಗಳಾಗಿ, ‘ನಲವತ್ತು’ ಎಂಬ ಇಟಾಲಿಯನ್ ಪದದಿಂದಲೇ ‘ಕ್ವಾರಂಟೈನ್’ ಹುಟ್ಟಿತು. ಅಂದಿನವರಿಗೆ ರೋಗಾಣುವಿನ ಅರಿವಿರಲಿಲ್ಲ, ಆದರೂ ಊರೆಲ್ಲ ಒಪ್ಪಿದ ಒಂದು ಲೆಕ್ಕವಿತ್ತು; ದಿನಗಳು ಮುಗಿದರೆ ಅನುಮಾನವೂ ಮುಗಿಯುತ್ತಿತ್ತು. ಪಾಲ್‌ನ ಮನೆಯಲ್ಲಿ ಪರೀಕ್ಷೆಯೂ ಇಲ್ಲ, ಅಂಥ ಒಪ್ಪಂದವೂ ಇಲ್ಲ. ಇರುವುದು ಬಂದೂಕು ಮಾತ್ರ.

ಮನುಷ್ಯನ ಭಯವನ್ನು ವಿಕಾಸವಾದದ ನೆಲೆಯಿಂದ ವಿವರಿಸಿದ ಮನೋವೈದ್ಯ ರಾಂಡಾಲ್ಫ್ ನೆಸ್ಸಿ ಅದನ್ನು ಹೊಗೆ ಪತ್ತೆಮಾಡುವ ಸಾಧನಕ್ಕೆ ಹೋಲಿಸುತ್ತಾರೆ: ನಿಜವಾದ ಬೆಂಕಿಯೊಂದು ತಪ್ಪಿಹೋಗುವುದಕ್ಕಿಂತ, ಒಗ್ಗರಣೆಯ ಹೊಗೆಗೆ ಹತ್ತು ಬಾರಿ ಸುಳ್ಳು ಗಂಟೆ ಬಾರಿಸುವುದೇ ಲೇಸು. ಸುಳ್ಳು ಗಂಟೆಯ ಬೆಲೆ ಅಲ್ಪವಾಗಿದ್ದಾಗ ಮಾತ್ರ ಈ ಲೆಕ್ಕ ಸರಿಹೊಂದುತ್ತದೆ. ಒಂದು ರಾತ್ರಿ ಕೆಂಪು ಬಾಗಿಲು ತೆರೆದಿರುವುದು ಕಂಡಾಗ ಪಾಲ್‌ನ ಮನೆಯಲ್ಲಿ ಮೊಳಗುವ ಗಂಟೆಯ ಬೆಲೆ ಅಲ್ಪವಲ್ಲ. ಸೋಂಕಿನ ಅನುಮಾನಕ್ಕೆ ಬಲಿಯಾಗಿ ವಿಲ್‌ನ ಕುಟುಂಬದಲ್ಲಿ ಒಬ್ಬರೂ ಉಳಿಯುವುದಿಲ್ಲ. ಆ ಪುಟ್ಟ ಮಗುವಿಗೆ ಸೋಂಕು ತಗುಲಿತ್ತೇ ಎಂಬುದನ್ನು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ.